ಕಾಯುವ ದಿನಗಳ ಕಾಯಕ

ದೇಹವನ್ನು ಹೇಯವೆಂದು ತಿಳಿದು, ಅದನ್ನು ಒಣಗಿಸುವುದೇ ತಪಸ್ಸೆಂದು ಬಗೆದ ಮಾರ್ಗಗಳು ಲೋಕದಲ್ಲಿ ಉಂಟು. ಶಿವಶರಣರ ಮಾರ್ಗ ಅಂತಹುದಲ್ಲ. ಗುರುವು ದೀಕ್ಷೆಯನ್ನಿತ್ತು ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸಿದಂದಿನಿಂದ ಭಕ್ತನ ಅಂಗವು ಲಿಂಗಕ್ಕೆ ನೆಲೆಯಾಗುತ್ತದೆ. ಅಣ್ಣ ಬಸವಣ್ಣನವರು ಈ ಶರೀರವನ್ನೇ ಶಿವಾಲಯವಾಗಿ ಕಂಡುದು ಈ ಅರ್ಥದಲ್ಲಿ. ಆದುದರಿಂದ ಭಕ್ತನು ತನ್ನ ಕಾಯವನ್ನು ಕುರಿತು ‘ಇದು ನನ್ನದು, ಹೇಗೆ ಬೇಕಾದರೂ ಬಳಸಿಯೇನು’ ಎನ್ನುವಂತಿಲ್ಲ; ‘ಎಂದಾದರೂ ಅಳಿಯತಕ್ಕದ್ದು, ಇದರ ಗೊಡವೆ ನನಗೇಕೆ’ ಎನ್ನುವಂತೆಯೂ ಇಲ್ಲ. ಗುಡಿಯ ಗೋಡೆಯಲ್ಲಿ ಬಿರುಕು ಕಂಡಾಗ ಅದರ ಮೇಲೆ ಸುಣ್ಣ ಬಳಿದು ಸುಮ್ಮನಾಗುವವನೂ, ಗುಡಿಯೇ ಬಿದ್ದುಹೋಯಿತೆಂದು ಎದೆ ಬಡಿದುಕೊಳ್ಳುವವನೂ ನಿಜವಾದ ಸೇವಕರಲ್ಲ. ದೀಪ ಹಿಡಿದು ಬಿರುಕನ್ನು ನೋಡಿ, ಬಲ್ಲ ಶಿಲ್ಪಿಗೆ ಹೇಳಿಕಳುಹಿಸಿ, ಅವನು ಬರುವವರೆಗೆ ನಿತ್ಯಪೂಜೆ ನಿಲ್ಲದಂತೆ ನೋಡಿಕೊಳ್ಳುವವನೇ ಸೇವಕನು.

ಈ ಮಾತು ಇಂದು ಅನೇಕ ಭಕ್ತರ ಮನೆಗಳಿಗೆ ನೇರವಾಗಿ ಅನ್ವಯಿಸುತ್ತದೆ. ಹಿಂದೆ ಸಿಹಿಮೂತ್ರವೆಂದೂ ಈಗ ಸಕ್ಕರೆ ಕಾಯಿಲೆಯೆಂದೂ ಜನರು ಕರೆಯುವ ಮಧುಮೇಹವು ನಾಡಿನ ಎಲ್ಲ ವರ್ಗದವರನ್ನೂ ಮುಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಈ ರೋಗವಿದೆಯೆಂದೂ, 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ರೋಗವು ನಿಶ್ಚಯವಾದವನಿಗೆ ವೈದ್ಯನ ಮಾತು ಊರುಗೋಲಾಗಿರುತ್ತದೆ. ಏನು ತಿನ್ನಬೇಕು, ಏನು ಬಿಡಬೇಕು, ಯಾವ ಗುಳಿಗೆ ಎಷ್ಟು ಹೊತ್ತಿಗೆ ಎಂಬುದು ಅವನಿಗೆ ತಿಳಿದಿರುತ್ತದೆ. ಆದರೆ ‘ಸಕ್ಕರೆ ಇರಬಹುದು, ತಜ್ಞರನ್ನು ಕಾಣಿರಿ’ ಎಂಬ ಮಾತನ್ನು ಕೇಳಿ, ಆ ತಜ್ಞರ ಸರದಿ ಬರುವವರೆಗೆ ವಾರಗಟ್ಟಲೆ ಕಾಯಬೇಕಾದವನ ಸ್ಥಿತಿ ಬೇರೆ. ಅವನು ಆರೋಗ್ಯವಂತರ ಸಾಲಿನಲ್ಲಿಯೂ ಇಲ್ಲ, ರೋಗಿಗಳ ಸಾಲಿನಲ್ಲಿಯೂ ಇಲ್ಲ. ಈ ನಡುವಣ ಕಾಲವನ್ನು ಭಕ್ತನು ಹೇಗೆ ಕಳೆಯಬೇಕೆಂಬುದೇ ಇಲ್ಲಿಯ ವಿಚಾರ.

ಅಂತಹ ಗೃಹಸ್ಥನೊಬ್ಬನ ಸ್ಥಿತಿಯನ್ನು ಭಾವಿಸಬಹುದು. ವಯಸ್ಸು ನಲವತ್ತೆಂಟು; ಒಕ್ಕಲುತನ; ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದವನು. ಜಾತ್ರೆಯ ದಿನ ಮಠದ ಅಂಗಳದಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಅವನ ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು, ಸಕ್ಕರೆ 230 ಇದೆಯೆಂದು ಚೀಟಿ ಬರೆದುಕೊಟ್ಟರು. ಜಿಲ್ಲಾ ಆಸ್ಪತ್ರೆಯ ತಜ್ಞರ ಸರದಿ ದೊರೆತುದು ಮೂರು ವಾರಗಳ ಅನಂತರ. ಅವನು ಆ ಚೀಟಿಯನ್ನು ಮಡಿಚಿ ಪೂಜೆಯ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿಯ ಅಡಿಯಲ್ಲಿ ಇರಿಸಿದನು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಗಳ ಮದುವೆಯ ಮಾತು ನಡೆದಿತ್ತು. ‘ತಂದೆಗೆ ಸಕ್ಕರೆಯಂತೆ’ ಎಂದು ಬೀಗರಾಗುವವರ ಕಿವಿಗೆ ಬಿದ್ದರೆ ಗತಿಯೇನೆಂಬ ಅಂಜಿಕೆ. ಮೊದಲನೆಯ ವಾರ ಅನ್ನ, ರೊಟ್ಟಿ ಎರಡನ್ನೂ ಬಿಟ್ಟು ಮಜ್ಜಿಗೆಯಲ್ಲಿ ದಿನ ನೂಕಿದನು. ಎರಡನೆಯ ವಾರ ಷಡ್ಡಕನಲ್ಲಿದ್ದ ಸಕ್ಕರೆಯ ಗುಳಿಗೆಗಳನ್ನು ಬೇಡಿ ತಂದು ಗುಟ್ಟಾಗಿ ನುಂಗತೊಡಗಿದನು. ಒಂದು ಮಧ್ಯಾಹ್ನ ಹೊಲದಲ್ಲಿ ಮೈಯೆಲ್ಲ ಬೆವತು, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿ ಕುಸಿದನು. ಬದಿಯ ಹೊಲದವರು ಬೆಲ್ಲದ ನೀರು ಕುಡಿಸಿದುದರಿಂದ ಚೇತರಿಸಿಕೊಂಡು ಮನೆಗೆ ಬಂದನು.

ಆ ಸಂಜೆ ಪೆಟ್ಟಿಗೆಯನ್ನು ಒರೆಸುವಾಗ ಚೀಟಿ ಮಡದಿಯ ಕೈಗೆ ಸಿಕ್ಕಿತು. ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ‘ಲಿಂಗಯ್ಯನ ಮುಂದೆ ಇಟ್ಟ ಮಾತನ್ನು ನನ್ನ ಮುಂದೆ ಇಡಲು ನಾಚಿಕೆಯಾಯಿತೇನು? ನಾಳೆ ಇಬ್ಬರೂ ಕೂಡಿ ನಮ್ಮ ಊರ ಆಸ್ಪತ್ರೆಯ ಡಾಕ್ಟರರ ಹತ್ತಿರ ಹೋಗೋಣ, ಏಳಿರಿ’ ಎಂದಳು.

ಈ ಗೃಹಸ್ಥನು ದುಷ್ಟನಲ್ಲ, ಮೂಢನೂ ಅಲ್ಲ. ಅವನಿಂದ ನಡೆದ ಮೂರು ತಪ್ಪುಗಳು ಎಷ್ಟೋ ಸಜ್ಜನರಿಂದ ನಡೆಯುತ್ತವೆ. ಮುಚ್ಚಿಡುವುದು ಒಂದು; ದೇಹವನ್ನು ದಂಡಿಸುವುದು ಎರಡು; ಪರರ ಔಷಧವನ್ನು ನುಂಗುವುದು ಮೂರು. ಮೂರಕ್ಕೂ ಬೇರು ಒಂದೇ, ಅದು ಭಯ. ಶರಣರು ಭಯವನ್ನು ಕಳೆಯುವ ಉಪಾಯವನ್ನು ಹೇಳಿದ್ದಾರೆ. ಅದಕ್ಕೆ ಅವರಿತ್ತ ಹೆಸರು ಅವಧಾನ. ಅವಧಾನವೆಂದರೆ ಎಚ್ಚರ, ಇದ್ದುದನ್ನು ಇದ್ದಂತೆ ನೋಡುವ ನೋಟ. ಚಿಂತೆಯು ನಾಳೆಯನ್ನು ನೋಡಿ ನಡುಗುತ್ತದೆ. ಅವಧಾನವು ಇಂದಿನ ಕೆಲಸವನ್ನು ನೋಡಿ ಕೈಹಚ್ಚುತ್ತದೆ.

ಅವಧಾನದ ಮೊದಲನೆಯ ಕೆಲಸ, ರೋಗವನ್ನು ಕುರಿತ ಮಿಥ್ಯಾಭಾವನೆಯನ್ನು ತೊಡೆಯುವುದು. ‘ಯಾವ ಪಾಪ ಮಾಡಿದ್ದೆನೋ, ಶಿವನು ಮುನಿದನು’ ಎಂದು ಕೊರಗುವವರು ಬಹಳ. ಈ ರೋಗವು ನಮ್ಮ ದೇಶಕ್ಕೆ ಹೊಸತಲ್ಲ. ಚರಕಾಚಾರ್ಯರು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನೂ ಹೇಳಿದ್ದಾರೆ. ಸದಾ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಅತಿಸೇವನೆಗಳನ್ನು ಕಾರಣಗಳೆಂದು ಎಣಿಸಿದ್ದಾರೆ. ಸುಶ್ರುತಾಚಾರ್ಯರು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ಬೇರ್ಪಡಿಸಿದ್ದಾರೆ. ಇಂದಿನ ವೈದ್ಯಶಾಸ್ತ್ರವೂ ವಂಶದ ಒಲವು, ಸೊಂಟದ ಸುತ್ತಲ ಕೊಬ್ಬು, ನಡೆದಾಟವಿಲ್ಲದ ಬಾಳು ಮೊದಲಾದುವನ್ನು ಹೇಳುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸವು ಸಾಲದಾದಾಗ, ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಾದಾಗ, ಅನ್ನದ ಸಕ್ಕರೆ ಅಂಗಾಂಗಗಳಿಗೆ ಸೇರದೆ ರಕ್ತದಲ್ಲಿ ನಿಲ್ಲುತ್ತದೆ. ಇದು ಶರೀರಧರ್ಮ. ಇಲ್ಲಿ ಶಿವನ ಮುನಿಸನ್ನು ಹುಡುಕುವುದು ಶಿವನನ್ನು ಅರಿಯದವರ ಮಾತು.

ಎರಡನೆಯ ಕೆಲಸ, ಚೀಟಿಯಲ್ಲಿ ಬರೆದ ಅಂಕಿಯ ಅರ್ಥವನ್ನು ತಿಳಿಯುವುದು. ಬೆರಳ ಹನಿಯ ಪರೀಕ್ಷೆಯು ಶಂಕೆಯನ್ನು ಎತ್ತಿ ತೋರಿಸುವುದಕ್ಕೆ. ರೋಗವನ್ನು ನಿಶ್ಚಯಿಸುವುದಕ್ಕೆ ಅಲ್ಲ. ಜಾತ್ರೆಯಲ್ಲಿ ಬಾಳೆಹಣ್ಣು ಸಕ್ಕರೆಯ ಪ್ರಸಾದ ಸ್ವೀಕರಿಸಿ ಕೈತೊಳೆಯದೆ ಬೆರಳು ಚಾಚಿದರೆ, ಬೆರಳಿಗೆ ಅಂಟಿದ ಸಿಹಿಯಿಂದಲೇ ಅಂಕಿ ಏರಬಲ್ಲದು. ಸೋಂಕು, ಜ್ವರ, ಸ್ಟೆರಾಯ್ಡ್ ಔಷಧಗಳಿಂದಲೂ ಸಕ್ಕರೆ ಏರುವುದುಂಟು. ನಿರ್ಣಯಕ್ಕೆ ರಕ್ತನಾಳದಿಂದ ತೆಗೆದ ರಕ್ತ ಬೇಕು. ಎಂಟು ಗಂಟೆಗೆ ಕಡಿಮೆಯಿಲ್ಲದ ಉಪವಾಸದ ಮೇಲೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹವೆನ್ನುತ್ತಾರೆ. ರೋಗಲಕ್ಷಣವಿಲ್ಲದವನಲ್ಲಿ ಇವುಗಳಲ್ಲೊಂದು ಮೀರಿದರೂ ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಕ್ರಮ. ಬಾಯಾರಿಕೆ, ಅತಿಮೂತ್ರ ಮೊದಲಾದ ಲಕ್ಷಣಗಳು ಇದ್ದು, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಯಾವ ಹೊತ್ತಿನಲ್ಲಾದರೂ 200 ಅಥವಾ ಹೆಚ್ಚು ಕಂಡರೆ ಸಂಶಯಕ್ಕೆ ಎಡೆ ಕಡಿಮೆ. ಆದುದರಿಂದ ಆ ಚೀಟಿಯನ್ನು ತೀರ್ಪೆಂದು ತಿಳಿಯಬಾರದು, ತಿಪ್ಪೆಗೂ ಎಸೆಯಬಾರದು.

ಮೂರನೆಯದಾಗಿ ತಿಳಿಯಬೇಕಾದುದು, ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು ಎಂಬ ವಿವೇಕ. ತಜ್ಞರ ಸರದಿಗೆ ಮೂರು ವಾರವಿದ್ದರೆ ಆ ಮೂರು ವಾರವೂ ವೈದ್ಯನಿಲ್ಲದೆ ಇರಬೇಕೆಂದು ಅರ್ಥವಲ್ಲ. ಮೂವತ್ತು ವರ್ಷ ದಾಟಿದವರ ರಕ್ತದ ಸಕ್ಕರೆಯನ್ನು ನೋಡುವ ಏರ್ಪಾಡು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿದೆ. ಅಲ್ಲಿಯ ವೈದ್ಯರು ಮೊದಲ ಪರೀಕ್ಷೆಗಳನ್ನು ಮಾಡಿಸಬಲ್ಲರು. ಅಗತ್ಯವೆನಿಸಿದರೆ ಔಷಧವನ್ನೂ ಆರಂಭಿಸಬಲ್ಲರು. ತಜ್ಞರ ಬಳಿ ಹೋಗುವ ಹೊತ್ತಿಗೆ ಪರೀಕ್ಷೆಯ ಕಾಗದಗಳು ಕೈಯಲ್ಲಿದ್ದರೆ ಒಂದು ಭೇಟಿಯ ಕೆಲಸ ಸಾರ್ಥಕವಾಗುತ್ತದೆ.

ಇನ್ನು ಕೆಲವು ಚಿಹ್ನೆಗಳು ಕಂಡರೆ ಒಂದು ದಿನವೂ ಕಾಯತಕ್ಕದ್ದಲ್ಲ. ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳೊಡನೆ ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಹಣ್ಣಿನಂತಹ ವಾಸನೆಯ ಉಸಿರು, ಮಂಕು ಅಥವಾ ತೂಕಡಿಕೆ ಕಂಡುಬಂದರೆ ಹಗಲು ರಾತ್ರಿ ನೋಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳಲ್ಲಿ ಬಾಯಾರಿಕೆ, ಅತಿಮೂತ್ರ, ತೂಕ ಇಳಿಯುವುದು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಅವರಲ್ಲಿ ಈ ರೋಗ ದಿನಗಳಲ್ಲಿಯೇ ವಿಷಮಿಸುತ್ತದೆ. ಗರ್ಭಿಣಿಯರೂ ತಡಮಾಡಬಾರದು. ಕಾಲಿನಲ್ಲಿ ಮಾಯದ ಗಾಯವಿದ್ದರೆ, ದೃಷ್ಟಿ ಹಠಾತ್ತನೆ ಮಂಜಾದರೆ ಸರದಿಯ ದಿನವನ್ನು ನೆಚ್ಚಿ ಕುಳಿತಿರಬಾರದು. ಇಂತಹ ಹೊತ್ತಿನಲ್ಲಿ ‘ಶಿವನಿಚ್ಛೆ’ ಎಂದು ಕೈಕಟ್ಟಿ ಕೂಡುವುದು ಭಕ್ತಿಯಲ್ಲ, ಆಲಸ್ಯ.

ನಾಲ್ಕನೆಯದು ಆಹಾರ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಮಾಡಿದ ಮಹಾತಾಯಿ ಆಕೆ. ಅವರ ಉಪದೇಶ ಆಸೆಯನ್ನು ಕುರಿತದ್ದು. ಆದರೂ ಎಡೆಯ ಮುಂದೆ ಕುಳಿತವನು ಅದನ್ನು ನೆನೆದರೆ ತಪ್ಪಿಲ್ಲ. ಮಿತವೆಂಬುದು ಲೋಪವಲ್ಲ. ಲಕ್ಕಮ್ಮನವರು ಅಕ್ಕಿಯನ್ನು ಹಿಂದಿರುಗಿಸಿದರೇ ಹೊರತು ಒಲೆಯನ್ನು ಆರಿಸಲಿಲ್ಲ. ಅನ್ನವನ್ನೇ ತೊರೆದು ಮೈಯನ್ನು ಬಳಲಿಸುವವನು ಮಿತವನ್ನು ಅರಿಯಲಿಲ್ಲ.

ಕಾಯುವ ದಿನಗಳಲ್ಲಿ ಊಟವು ಹೊತ್ತಿಗೆ ಸರಿಯಾಗಿ, ಅಳತೆಯಲ್ಲಿ ಇರಲಿ. ತಟ್ಟೆಯ ಅರ್ಧಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲುಭಾಗ ಬೇಳೆ, ಹೆಸರು, ಮಡಕೆ ಮೊದಲಾದ ಕಾಳು. ಉಳಿದ ಕಾಲುಭಾಗ ರೊಟ್ಟಿ ಅಥವಾ ಅನ್ನ. ಜೋಳ, ರಾಗಿ ಒಳ್ಳೆಯ ಧಾನ್ಯಗಳೇ; ಆದರೆ ಅವುಗಳಲ್ಲಿಯೂ ಪಿಷ್ಟವಿದೆ, ಎಷ್ಟು ತಿಂದರೂ ಆದೀತೆಂಬುದು ಸರಿಯಲ್ಲ. ಬೆಲ್ಲ, ಜೇನುತುಪ್ಪಗಳು ಸಕ್ಕರೆಗಿಂತ ಸೌಮ್ಯವೆಂಬ ನಂಬಿಕೆಯೂ ಸರಿಯಲ್ಲ. ಅವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ದಿನಕ್ಕೆ ಐದಾರು ಸಲ ಕುಡಿಯುವ ಸಕ್ಕರೆಯ ಚಹಾವನ್ನು ಕಡಿಮೆ ಮಾಡುವುದರಿಂದಲೇ ಎಷ್ಟೋ ಸಕ್ಕರೆ ಉಳಿಯುತ್ತದೆ. ವಾರಕ್ಕೆ ಐದು ದಿನವಾದರೂ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ತಾವೇ ಹೀರಿಕೊಳ್ಳುತ್ತವೆ. ಎಲೆಯಡಿಕೆಯೊಡನೆ ಸೇರುವ ತಂಬಾಕು, ಬೀಡಿಗಳನ್ನು ಬಿಡುವುದಕ್ಕೆ ರೋಗ ನಿಶ್ಚಯವಾಗುವವರೆಗೆ ಕಾಯಬೇಕಾಗಿಲ್ಲ.

ಪ್ರಸಾದವನ್ನು ಕುರಿತು ಭಕ್ತರಲ್ಲಿ ಒಂದು ಸಂದೇಹ ಏಳುವುದು ಸಹಜ. ದಾಸೋಹದಲ್ಲಿ ಹೋಳಿಗೆ, ಹುಗ್ಗಿಯನ್ನು ಬಡಿಸಿದಾಗ ಬೇಡವೆಂದರೆ ಪ್ರಸಾದವನ್ನು ನಿರಾಕರಿಸಿದಂತಾಗದೆ? ಬಡಿಸಿಕೊಂಡು ಬಿಟ್ಟರೆ ಪ್ರಸಾದವನ್ನು ಕೆಡಿಸಿದಂತಾಗದೆ? ಇದಕ್ಕೆ ಸಮಾಧಾನವು ಪ್ರಸಾದತತ್ತ್ವದಲ್ಲಿಯೇ ಇದೆ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುತ್ತದೆ. ಪ್ರಸಾದತ್ವವು ಅರ್ಪಣೆಯಲ್ಲಿದೆ, ಪ್ರಮಾಣದಲ್ಲಿಲ್ಲ. ತುತ್ತಿನಷ್ಟು ಪ್ರಸಾದವೂ ಪೂರ್ಣ ಪ್ರಸಾದವೇ. ಆದುದರಿಂದ ಬಡಿಸುವ ಮೊದಲೇ ‘ಸ್ವಲ್ಪ ನೀಡಿರಿ’ ಎಂದು ಕೇಳಿ, ನೀಡಿದುದನ್ನು ಉಳಿಸದೆ ಸ್ವೀಕರಿಸುವವನೇ ಅವಧಾನವುಳ್ಳ ಪ್ರಸಾದಿ. ಬಡಿಸುವವರಿಗೂ ಒಂದು ಧರ್ಮವುಂಟು. ‘ಇನ್ನೊಂದು, ಇನ್ನೊಂದು’ ಎಂದು ಒತ್ತಾಯಪಡಿಸಿ ಹಾಕುವುದು ಪ್ರೀತಿಯೆಂದು ನಮ್ಮ ಕಡೆ ತಿಳಿದಿದ್ದಾರೆ. ಬಂದ ಜಂಗಮನಿಗೆ, ಬಂಧುವಿಗೆ ಏನು ಹಿತವೆಂಬುದನ್ನು ಅರಿತು ನೀಡುವುದು ದಾಸೋಹ. ಅವನ ಮೈಗೆ ಒಲ್ಲದುದನ್ನು ಹೇರುವುದು ದಾಸೋಹವಾಗದು.

ಪರೀಕ್ಷೆಯ ದಿನದ ಲಿಂಗಪೂಜೆಯನ್ನು ಕುರಿತೂ ಸಂಕೋಚಪಡಬೇಕಾಗಿಲ್ಲ. ಉಪವಾಸದ ರಕ್ತಪರೀಕ್ಷೆಗೆ ನೀರೊಂದನ್ನು ಬಿಟ್ಟು ಬೇರೇನನ್ನೂ ಸೇವಿಸಬಾರದು. ಶುದ್ಧೋದಕದ ಪಾದೋದಕಕ್ಕೆ ಅಡ್ಡಿಯಿಲ್ಲ. ಹಾಲು, ಜೇನು, ಸಕ್ಕರೆ ಬೆರೆತ ಅಭಿಷೇಕದ ತೀರ್ಥವನ್ನೂ ಹಣ್ಣು ಸಕ್ಕರೆಯ ಪ್ರಸಾದವನ್ನೂ ರಕ್ತ ಕೊಟ್ಟು ಬಂದ ಮೇಲೆ ಸ್ವೀಕರಿಸಬಹುದು. ಪರೀಕ್ಷೆ ಚೆನ್ನಾಗಿ ಬರಲೆಂದು ಹಿಂದಿನ ಎರಡು ದಿನ ಹಸಿದಿರುವುದು ಸಲ್ಲದು. ಅದು ವೈದ್ಯನನ್ನು ವಂಚಿಸಲು ಹೋಗಿ ತನ್ನನ್ನೇ ವಂಚಿಸಿಕೊಂಡಂತೆ.

ಐದನೆಯದು ಔಷಧ. ಬಸವಾದಿ ಪ್ರಮಥರ ಕಾಲದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ವೈದ್ಯವೇ ಆತನ ಕಾಯಕ. ರೋಗ, ಔಷಧ, ಪಥ್ಯಗಳ ಮಾತಿನಲ್ಲಿಯೇ ಆತನು ಭವರೋಗದ ಚಿಕಿತ್ಸೆಯನ್ನು ವಚನಗಳಲ್ಲಿ ಹೇಳಿದನು. ಮಾಡುವ ವೈದ್ಯವೂ ಶಿವಯೋಗಕ್ಕೆ ದಾರಿಯೆಂದು ಬಾಳಿ ತೋರಿದ ಶರಣನೊಬ್ಬನು ನಮ್ಮ ಪರಂಪರೆಯಲ್ಲಿ ಇರುವಾಗ, ವೈದ್ಯನ ಬಳಿಗೆ ಹೋಗುವುದು ನಂಬಿಕೆಯ ಕೊರತೆಯೆಂದು ಭಕ್ತನು ಭಾವಿಸಲಾಗದು. ಒಬ್ಬನಿಗೆ ಬರೆದ ಗುಳಿಗೆ ಇನ್ನೊಬ್ಬನಿಗೆ ವಿಷವಾದೀತು. ಸಕ್ಕರೆಯನ್ನು ತಗ್ಗಿಸುವ ಕೆಲವು ಗುಳಿಗೆಗಳನ್ನು ಅಗತ್ಯವಿಲ್ಲದೆ, ಅದರಲ್ಲಿಯೂ ಬರಿಹೊಟ್ಟೆಯಲ್ಲಿ ನುಂಗಿದರೆ ಸಕ್ಕರೆ ಮಿತಿಮೀರಿ ಇಳಿದು ಎಚ್ಚರ ತಪ್ಪುತ್ತದೆ. ಮೇಲೆ ಹೇಳಿದ ಗೃಹಸ್ಥನಿಗೆ ಹೊಲದಲ್ಲಿ ಆದುದು ಅದೇ. ಹಾಗಲಕಾಯಿಯ ರಸ, ಮೆಂತ್ಯೆ, ಮಧುನಾಶಿನಿ ಮೊದಲಾದುವನ್ನು ಬಳಸುವವರು ಅದನ್ನು ವೈದ್ಯರಿಗೆ ಮರೆಮಾಚದೆ ಹೇಳಬೇಕು. ಅವುಗಳನ್ನೇ ನೆಚ್ಚಿ ಪರೀಕ್ಷೆಯನ್ನು ಮುಂದೂಡಬಾರದು. ರಕ್ತದ ಒತ್ತಡ ಮೊದಲಾದುದಕ್ಕೆ ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು.

ಆರನೆಯದು, ಹೇಳಿಕೊಳ್ಳುವುದು. ಸತಿಪತಿಗಳು ಒಂದಾಗಿ ನಡೆಸುವ ಭಕ್ತಿಯನ್ನು ಶಿವನು ಮೆಚ್ಚುತ್ತಾನೆಂಬುದು ಶರಣರ ಸಿದ್ಧಾಂತ. ಒಂದು ಒಲೆಯ ಅಡುಗೆಯನ್ನು ಉಣ್ಣುವ ಮನೆಯಲ್ಲಿ ಒಬ್ಬರ ಪಥ್ಯವು ಇನ್ನೊಬ್ಬರಿಗೆ ತಿಳಿಯದೆ ನಡೆಯಲಾರದು. ತಂದೆಗೆ ಅಥವಾ ತಾಯಿಗೆ ಈ ಶಂಕೆ ಬಂದರೆ ಅದು ಮಕ್ಕಳಿಗೂ ಎಚ್ಚರಿಕೆ. ಅವರೂ ಪರೀಕ್ಷಿಸಿಕೊಳ್ಳಲು, ಮೊದಲೇ ಮಿತವನ್ನು ಕಲಿಯಲು ಕಾರಣವಾಗುತ್ತದೆ. ಸಕ್ಕರೆಯ ಮಾತು ಕೇಳಿ ಸಂಬಂಧ ಬಿಡುವ ಬೀಗರಿದ್ದರೆ, ಅಂತಹವರ ಮನೆಗೆ ಮಗಳು ಸೇರದೆ ಉಳಿದುದೇ ಲೇಸು.

ಕಾಯುವ ದಿನಗಳಿಗೆ ಒಂದು ಚಿಕ್ಕ ನೋಟುಪುಸ್ತಕ ಸಾಕು. ದಿನಾಂಕ, ತೂಕ, ಉಂಡುದು, ನಡೆದುದು, ರಾತ್ರಿ ಮೂತ್ರಕ್ಕೆ ಎದ್ದುದು, ತೆಗೆದುಕೊಳ್ಳುವ ಔಷಧಗಳ ಹೆಸರು, ಮನೆತನದಲ್ಲಿ ಯಾರಿಗೆ ಈ ರೋಗವಿತ್ತೆಂಬುದು, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು, ಇಷ್ಟನ್ನು ಬರೆದಿಡಬೇಕು. ಬೆಳಿಗ್ಗೆ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸಿದಾಗ ‘ಏನಾಗುವುದೋ’ ಎಂಬ ಯೋಚನೆ ಬಂದೇ ಬರುತ್ತದೆ. ಅದನ್ನು ಬಲದಿಂದ ಅಟ್ಟುವುದು ಬೇಡ. ಬಂದ ಯೋಚನೆಯನ್ನೂ ಲಿಂಗಕ್ಕೆ ಒಪ್ಪಿಸಿ ದೃಷ್ಟಿಯನ್ನು ಮತ್ತೆ ಲಿಂಗದಲ್ಲಿ ಇರಿಸಿದರೆ ಸಾಕು. ಹತ್ತು ಸಲ ಮನಸ್ಸು ಜಾರಿದರೆ ಹತ್ತು ಸಲ ಮರಳಿಸಬೇಕು. ಪೂಜೆ ಮುಗಿದ ಮೇಲೆ ಎದ್ದು ಅಂದಿನ ಕಾಯಕಕ್ಕೆ ಹೋಗಬೇಕು. ಬೀಜ ಬಿತ್ತಿದ ರೈತನು ಮೊಳಕೆ ಕಾಣುವವರೆಗೆ ಹೊಲದಲ್ಲಿ ಕುಳಿತು ಅಳುವುದಿಲ್ಲ. ಬದುವನ್ನು ಸರಿಪಡಿಸುತ್ತಾನೆ, ಎತ್ತುಗಳನ್ನು ನೋಡಿಕೊಳ್ಳುತ್ತಾನೆ.

ಸರದಿಯ ದಿನ ಬಂದಾಗ ವೈದ್ಯರು ‘ನಿಮಗೆ ಮಧುಮೇಹವಿಲ್ಲ’ ಎನ್ನಬಹುದು, ‘ಹೊಸ್ತಿಲಲ್ಲಿದ್ದೀರಿ’ ಎನ್ನಬಹುದು, ‘ಇದೆ’ ಎಂದೂ ಹೇಳಬಹುದು. ಇಲ್ಲವೆಂದರೆ, ಮೂರು ವಾರ ಕಲಿತ ಮಿತವನ್ನು ಅಂದೇ ಬಿಟ್ಟು ಹೋಳಿಗೆಯ ಬುಟ್ಟಿಗೆ ಕೈಹಾಕಬಾರದು. ಹೊಸ್ತಿಲಲ್ಲಿದ್ದರೆ, ಆಹಾರ ನಡಿಗೆಗಳಿಂದಲೂ ತೂಕ ಇಳಿಸುವುದರಿಂದಲೂ ಹಿಂದಿರುಗುವುದು ಅನೇಕರಿಗೆ ಸಾಧ್ಯವಾಗಿದೆ. ಇದೆಯೆಂದರೆ, ಅದು ಬಾಳಿನ ಕೊನೆಯಲ್ಲ. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನ್ ರಸವನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ಬಾಲಕನೊಬ್ಬನಿಗೆ ಕೊಟ್ಟರು. ಅದಕ್ಕೆ ಮುಂಚೆ ತೀವ್ರರೂಪದ ಮಧುಮೇಹ ತಗುಲಿದ ಮಕ್ಕಳು ಬದುಕುತ್ತಿರಲಿಲ್ಲ. ಇಂದು ಅಂತಹ ಮಕ್ಕಳು ಬೆಳೆದು, ಓದಿ, ಸಂಸಾರ ನಡೆಸುತ್ತಿದ್ದಾರೆ. ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುತ್ತ, ವೈದ್ಯರು ಹೇಳಿದಂತೆ ನಡೆಯುವವನು ದೀರ್ಘಕಾಲ ತನ್ನ ಕಾಯಕವನ್ನು ಮಾಡಬಲ್ಲನು.

ಮೂರರಲ್ಲಿ ಯಾವ ಮಾತು ಬಂದರೂ ಭಕ್ತನ ಮರುದಿನದ ಮುಂಜಾವು ಒಂದೇ ತೆರನಾಗಿರುತ್ತದೆ. ಸ್ನಾನ, ವಿಭೂತಿ, ಲಿಂಗಪೂಜೆ, ಮಿತವಾದ ಪ್ರಸಾದ, ಕಾಯಕ. ಕಾಯುವ ದಿನಗಳಲ್ಲಿ ಈ ಕ್ರಮವನ್ನು ರೂಢಿಸಿಕೊಂಡವನಿಗೆ ವೈದ್ಯರ ಮಾತು ಹೊಸ ದಾರಿಯನ್ನು ತೋರಿಸಬೇಕಾಗಿಲ್ಲ. ಹಿಡಿದ ದಾರಿಯಲ್ಲಿ ಎಷ್ಟು ಎಚ್ಚರದಿಂದ ನಡೆಯಬೇಕೆಂಬುದನ್ನು ತಿಳಿಸಿದರೆ ಸಾಕು. ಶಂಕೆಯ ಚೀಟಿಯನ್ನು ಕೈಯಲ್ಲಿ ಹಿಡಿದಿರುವ ಭಕ್ತರಿಗೂ ಭಕ್ತೆಯರಿಗೂ ಗುರುಲಿಂಗಜಂಗಮರು ಧೈರ್ಯವನ್ನೂ ಅವಧಾನವನ್ನೂ ಕರುಣಿಸಲಿ.